ಕರೆಂಟಿನ ಪಟ್ಟಿ, ಭಾನುವಾರದ ರೊಟ್ಟಿ

ಸುಮ್ಮನೆ ಕೂರುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಟಿವಿ ನೋಡುವಾಗ ಬೆಳ್ಳುಳ್ಳಿ ಸುಲಿಯುತ್ತೇನೆ, ಫೋನಿನಲ್ಲಿ ಮಾತಾಡುವಾಗ ಕಿಟಕಿ ಒರೆಸುತ್ತೇನೆ. ಇಂಥವಳ ಬಲಗೈಯನ್ನೇ ಹುಡುಕಿ ದೇವರು ಮುರಿದ. ಅದೂ ನಾಲ್ಕು ಜನ ಅಯ್ಯೋ ಎನ್ನುವ ಹಾಗೆ ಮುರಿದಿದ್ದರೆ ಬೇರೆ ಮಾತು. ಮುರಿದದ್ದು ಮಣಿಕಟ್ಟಿನೊಳಗೆ, ಹೆಬ್ಬೆರಳಿನ ಬುಡದಲ್ಲಿರುವ, ಗೋಡಂಬಿಯಷ್ಟು ಪುಟ್ಟ ಎಲುಬು. ಅಲ್ಲೊಂದು ಎಲುಬಿದೆ ಎಂಬುದೇ ನಲವತ್ನಾಲ್ಕು ವರ್ಷ ನನಗೆ ಗೊತ್ತಿರಲಿಲ್ಲ. ಆಮೇಲಿನ ಹತ್ತು ತಿಂಗಳು ಅದನ್ನು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ನಾನು ಧಾರವಾಡದವಳು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಸ್ಟೆನೋ. ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ನಾನು ಮತ್ತು ಒಂಬತ್ತನೇ ಕ್ಲಾಸಿನ ಮಗಳು ಮೇಘಾ ಇರುತ್ತೇವೆ. ಯಜಮಾನರು ಬಸವರಾಜ್ ತಿರುವನಂತಪುರದಲ್ಲಿ, ಬಾಹ್ಯಾಕಾಶದ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ. ಯಂತ್ರಗಳನ್ನು ಕಾಯಿಸಿ, ನಡುಗಿಸಿ, ಅವು ಎಲ್ಲಿ ಕೆಡುತ್ತವೆ ಎಂದು ನೋಡುವುದೇ ಅವರ ಕೆಲಸ. ಶುಕ್ರವಾರ ಸಂಜೆ ಬರುತ್ತಾರೆ, ಭಾನುವಾರ ಸಂಜೆಯ ರೈಲಿಗೆ ಹೋಗುತ್ತಾರೆ. ಏಳು ವರ್ಷದಿಂದ ನಮ್ಮ ಸಂಸಾರ ನಡೆದಿರುವುದು ಹೀಗೆ.

ಹೋಗುವಾಗ ಅವರ ಬ್ಯಾಗಿನಲ್ಲಿ ಮೂವತ್ತು ಖಟಕ್ ರೊಟ್ಟಿ, ಅಂದರೆ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ, ಇರುತ್ತವೆ. ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿರುತ್ತೇನೆ, ಜೊತೆಗೆ ಶೇಂಗಾ ಹಿಂಡಿಯ ಡಬ್ಬಿ. ಕೇರಳದ ದಪ್ಪ ಕೆಂಪಕ್ಕಿ ಅನ್ನ ಎರಡು ದಿನ ಚೆಂದ, ಮೂರನೇ ದಿನಕ್ಕೆ ಇವರು ಮುಖ ಸಣ್ಣದು ಮಾಡುತ್ತಾರೆ. ಅಲ್ಲಿ ಇನ್ನೂ ಮೂವರು ನಮ್ಮ ಕಡೆಯವರಿದ್ದಾರೆ. ಸೋಮವಾರ ಮಧ್ಯಾಹ್ನ ನಾಲ್ವರೂ ಸೇರಿ ಕಟಕಟ ಎಂದು ಕಡಿಯುತ್ತಾರಂತೆ. ಆ ಬಟ್ಟೆ ಒಗೆದು ಮಡಚಿ ಶುಕ್ರವಾರ ವಾಪಸ್ ಬರುತ್ತದೆ.

ಬಿದ್ದದ್ದು ಜೂನ್ ತಿಂಗಳಲ್ಲಿ, ಬೋಟ್ ಜೆಟ್ಟಿಯ ಒದ್ದೆ ಮೆಟ್ಟಿಲ ಮೇಲೆ. ಬಲಗೈ ಊರಿದೆ. ಎದ್ದೆ, ಸೀರೆ ಕೊಡವಿಕೊಂಡೆ, ಯಾರಾದರೂ ನೋಡಿದರಾ ಎಂದು ಸುತ್ತ ನೋಡಿ ಆಫೀಸಿಗೆ ನಡೆದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಉಳುಕು ಎಂದರು. ಅರಿಶಿಣ ಹಚ್ಚಿದೆ, ಎಣ್ಣೆ ತಿಕ್ಕಿದೆ, ಬ್ಯಾಂಡೇಜು ಸುತ್ತಿಕೊಂಡು ಬರೆದೆ, ಟೈಪು ಮಾಡಿದೆ, ಬಟ್ಟೆ ಹಿಂಡಿದೆ, ಭಾನುವಾರ ರೊಟ್ಟಿ ಬಡಿದೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸ್ಕೂಟರಿನ ಆಕ್ಸಿಲರೇಟರ್ ತಿರುವಲು ಹೋದರೆ ಕೈ ಬರಲಿಲ್ಲ.

ಎರ್ಣಾಕುಳಂನ ದೊಡ್ಡ ಆಸ್ಪತ್ರೆಯ ಕಾಯುವ ಕೋಣೆ ನೋಡಬೇಕು ನೀವು. ನೀಲಿ ಕುರ್ಚಿಗಳ ಸಾಲು, ಗೋಡೆಯ ಮೇಲೆ ಧ್ವನಿ ಇಲ್ಲದ ಟಿವಿ, ಕೆಂಪಗೆ ಹೊಳೆಯುವ ಟೋಕನ್ ನಂಬರು. ನನ್ನದು ನಲವತ್ತೊಂದು, ಒಳಗೆ ಹನ್ನೆರಡು. ನಾನು ಕೂತೆ, ಎದ್ದೆ, ನೀರು ಕುಡಿದೆ, ಔಷಧಿ ಅಂಗಡಿಯ ಬೋರ್ಡನ್ನು ಮಲಯಾಳಂನಲ್ಲಿ ಕೂಡಿಸಿ ಕೂಡಿಸಿ ಓದಿದೆ, ಮತ್ತೆ ಕೂತೆ. ಆಫೀಸಿನಿಂದ ನನ್ನ ಜೊತೆ ಬಂದಿದ್ದ ಲತಾ ಚೇಚಿ, ನಮ್ಮ ಮಾತಿನಲ್ಲಿ ಲತಕ್ಕ, ಸೆರಗು ಹಿಡಿದು ಎಳೆದರು. "ಇವಿಡೆ ಇರಿ ಮೋಳೇ! ಇಲ್ಲಿ ಕೂತ್ಕೋ ಮಗಳೇ! ನಿನ್ನನ್ನು ನೋಡಿ ನೋಡಿ ನನಗೆ ತಲೆ ತಿರುಗ್ತಿದೆ."

ಈ ಸಲ ಸ್ಕ್ಯಾನಿನಲ್ಲಿ ಸಿಕ್ಕಿತು. ಗೋಡಂಬಿಯ ನಡುವೆ ಕಪ್ಪು ಗೆರೆ. ಡಾಕ್ಟರು ಕಡಿಮೆ ಮಾತಿನವರು. ಈ ಎಲುಬಿಗೆ ರಕ್ತ ಹೋಗುವುದೇ ಕಷ್ಟ, ಕೂಡಿಕೊಳ್ಳಲು ಹಟ ಮಾಡುತ್ತದೆ ಎಂದಷ್ಟೇ ಹೇಳಿ, ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿದರು. ಹೆಬ್ಬೆರಳೂ ಒಳಗೆ.

ಬಲಗೈ ಇಲ್ಲದ ಹೆಂಗಸಿನ ಪಾಡು ಏನೆಂದು ಹೇಳಲಿ. ಸೀರೆ ಬಿಟ್ಟು ಚೂಡಿದಾರಕ್ಕೆ ಬಂದೆ, ಅದರ ಲಾಡಿ ಮೇಘಾ ಕಟ್ಟಬೇಕು. ಎಡಗೈಯಲ್ಲಿ ಊಟ ಮಾಡುವಾಗ ಅಮ್ಮ ನೆನಪಾಗಿ ಬೈದಂತಾಗುತ್ತಿತ್ತು. ಆಫೀಸಿನ ಲೇಡೀಸ್ ರೂಮಿನಲ್ಲಿ ಲತಾ ಚೇಚಿ ದಿನಾ ಹತ್ತು ನಿಮಿಷ ಮೊದಲೇ ಬಂದು ನನ್ನ ಜಡೆ ಹೆಣೆಯುತ್ತಿದ್ದರು. ಕೇಳಿರಲಿಲ್ಲ ನಾನು. ಮೊದಲ ದಿನ ನನ್ನ ಕೆದರಿದ ತಲೆ ನೋಡಿ ಬಾಚಣಿಗೆ ತೆಗೆದರು, ಆಮೇಲೆ ಅದೇ ರೂಢಿಯಾಯಿತು.

ಆ ಪ್ಲಾಸ್ಟರಿನ ಕಾಲದಲ್ಲೇ ಇನ್ನೊಂದು ನಡೆಯಿತು. ರೊಟ್ಟಿ ನಿಂತಿತು. ನಿಂತ ಮೇಲೆ ಎರಡು ಶುಕ್ರವಾರ ಇವರು ಬರಲಿಲ್ಲ. "ಟೆಸ್ಟ್ ನಡದೈತಿ, ಬಿಟ್ಟು ಬರಾಕ ಆಗೂದಿಲ್ಲ" ಎಂದು ಫೋನ್ ಮಾಡಿದರು. ನಾನು "ಹೂಂ, ಇರ್ಲಿ" ಎಂದೆ. ಒಳಗೆ ಮಾತ್ರ ಒಂದು ಲೆಕ್ಕ ಶುರುವಾಯಿತು. ಏಳು ವರ್ಷದಲ್ಲಿ ಟೆಸ್ಟ್ ಎಷ್ಟು ಸಲ ನಡೆದಿಲ್ಲ? ಆಗೆಲ್ಲ ಬರಲಿಲ್ಲವೇ? ರೊಟ್ಟಿ ಇದ್ದಾಗ ಬಂದ ಮನುಷ್ಯ, ರೊಟ್ಟಿ ಇಲ್ಲದಾಗ ಬರಲಿಲ್ಲ. ನಗಬೇಡಿ. ದೂರ ಇರುವ ಗಂಡ ಹೆಂಡತಿಯ ತಲೆಯಲ್ಲಿ ಏನೇನು ಓಡುತ್ತದೆ ಎಂದು ಒಂದೇ ಊರಿನಲ್ಲಿ ಇರುವವರಿಗೆ ಗೊತ್ತಾಗುವುದಿಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ಕಪ್ಪು ಗೆರೆ ಇದ್ದಲ್ಲೇ ಇತ್ತು. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಆಪರೇಷನ್: ಸೊಂಟದಿಂದ ಚೂರು ಎಲುಬು ತೆಗೆದು ಇಲ್ಲಿ ತುಂಬಿ ಸ್ಕ್ರೂ ಹಾಕುವುದು. ಕೈ ಉಳಿಯುತ್ತದೆ, ಆದರೆ ಮಣಿಕಟ್ಟು ಮೊದಲಿನ ಹಾಗೆ ಹಿಂದಕ್ಕೆ ಬಾಗುತ್ತದೆ ಎಂದು ಹೇಳಲಾಗದು. ಇನ್ನೊಂದು, ಮೂರು ತಿಂಗಳು ಕರೆಂಟಿನ ಚಿಕಿತ್ಸೆ ಮಾಡಿ ನೋಡುವುದು.

ನಾನು ಅಲ್ಲೇ, ಮೇಜಿನ ಕೆಳಗೆ, ಎಡಗೈಯ ಅಂಗೈ ಚಾಚಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ನೋಡಿಕೊಂಡೆ. ರೊಟ್ಟಿ ಬಡಿಯಲು ಕೈ ಬಾಗಬೇಕಾದದ್ದು ಹಾಗೆಯೇ. "ಕರೆಂಟೇ ಕೊಡಿ" ಎಂದೆ.

ಕರೆಂಟು ಎಂದರೆ ಷಾಕ್ ಅಲ್ಲ. ಬಿಪಿ ನೋಡುವಾಗ ತೋಳಿಗೆ ಕಟ್ಟುತ್ತಾರಲ್ಲ, ಅಂಥದೊಂದು ಪಟ್ಟಿ, ಒಳಗೆ ತಂತಿಯ ಸುರುಳಿ, ಜೊತೆಗೆ ಸೊಂಟಕ್ಕೆ ಸಿಗಿಸುವ ಪುಟ್ಟ ಪೆಟ್ಟಿಗೆ. ದಿನಕ್ಕೆ ಒಟ್ಟು ಎಂಟು ಗಂಟೆ ಕಟ್ಟಿಕೊಂಡಿರಬೇಕು. ಮಿಕ್ಕ ಹೊತ್ತು ಗಟ್ಟಿ ಬೆಲ್ಟು. ಸ್ನಾನಕ್ಕೆ ಮಾತ್ರ ಬಿಚ್ಚಬಹುದು. ಭಾರ ಎತ್ತಬಾರದು, ಬೆರಳು ಆಡಿಸುತ್ತಿರಬೇಕು. ಅಷ್ಟೇ.

ಅದರಿಂದ ಏನೂ ಗೊತ್ತಾಗುವುದಿಲ್ಲ. ಬಿಸಿ ಇಲ್ಲ, ಜುಮ್ಮೆನ್ನುವುದಿಲ್ಲ, ಕಚಗುಳಿ ಕೂಡ ಇಲ್ಲ. ಹಸಿರು ದೀಪ ಮಿಣುಕುತ್ತದೆ, ಗಂಟೆ ಎಣಿಸುತ್ತದೆ. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಕಹಿ ಕಷಾಯ ಕೊಟ್ಟಿದ್ದರೆ ಕುಡಿದೆ ಎಂಬ ಸಮಾಧಾನವಾದರೂ ಇರುತ್ತಿತ್ತು. ಬೋಟಿನಲ್ಲಿ ಕೂತು ಪೆಟ್ಟಿಗೆ ನೋಡುತ್ತೇನೆ: ಒಂದು ಗಂಟೆ ಹತ್ತು ನಿಮಿಷ. ಆಫೀಸಿನಲ್ಲಿ ನೋಡುತ್ತೇನೆ: ಎರಡು ಗಂಟೆ ಐದು ನಿಮಿಷ. ಕಾಲು ತಾನಾಗಿ ಕುಣಿಯುತ್ತಿತ್ತು. ಪಕ್ಕದ ಮೇಜಿನವರು ತಮ್ಮ ಕುರ್ಚಿಯನ್ನೇ ದೂರ ಎಳೆದುಕೊಂಡರು.

ಮೊದಲ ಶನಿವಾರ ಇವರು ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ತೆಗೆದು ನನ್ನ ಮಣಿಕಟ್ಟಿನ ಹತ್ತಿರ ಹಿಡಿದರು. ಟರ್ರ್ ಟರ್ರ್ ಎಂದಿತು. ದೂರ ಒಯ್ದರೆ ಸುಮ್ಮನಾಯಿತು.

"ಕೇಳಿಸ್ತ? ಕೆಲಸಾ ಮಾಡಾಕತ್ತೈತಿ ನೋಡು."

"ಟರ್ರ್ ಅಂದ್ರ ಎಲುಬು ಕೂಡತೈತೇನ್ರೀ?"

"ಸಿಗ್ನಲ್ ಬರೋಬ್ಬರಿ ಐತಿ. ಮುಂದಿಂದು ನಿನ್ನ ಎಲುಬಿನ ಕೆಲಸ." ಹೀಗೆಂದು ಒಂದು ಗೆರೆ ಹಾಕಿದ ನೋಟ್‌ಬುಕ್ ಕೊಟ್ಟರು. ದಿನಾ ಎಷ್ಟು ಗಂಟೆ ಕಟ್ಟಿದೆ, ನೋವು ಹತ್ತರಲ್ಲಿ ಎಷ್ಟು ಎಂದು ಬರೆಯಬೇಕು. ಎಡಗೈಯಲ್ಲಿ ವಕ್ರ ವಕ್ರ ಬರೆದೆ. ಎಂಟು ಗಂಟೆ ಒಂದು ದಿನವೂ ತಪ್ಪಲಿಲ್ಲ.

ಮರುದಿನ ಭಾನುವಾರ. ಸ್ನಾನಕ್ಕೆಂದು ಬೆಲ್ಟು ಬಿಚ್ಚಿದ್ದೆ. ಊರಿನಿಂದ ಬಂದ ಜೋಳದ ಹಿಟ್ಟು ಡಬ್ಬಿಯಲ್ಲಿತ್ತು. ಭಾರ ಎತ್ತಬೇಡಿ ಅಂದಿದ್ದರು ಡಾಕ್ಟರು. ಹಿಟ್ಟಿನ ಉಂಡೆ ಎಂಥ ಭಾರ? ಬೆರಳು ಆಡಿಸಿ ಎಂದಿದ್ದರು. ರೊಟ್ಟಿಗಿಂತ ಬೆರಳಾಡುವ ಕೆಲಸ ಯಾವುದು? ಹಂಚು ಇಟ್ಟೆ. ಹಿಟ್ಟು ಹಳತಾಗಿ ಜಿಗುಟು ಹೋಗಿತ್ತು, ಗಟ್ಟಿಯಾಗಿ ನಾದಬೇಕಾಯಿತು. ಆಮೇಲೆ ತಪ ತಪ ತಪ.

ಮೇಘಾ ಬಾಗಿಲಲ್ಲಿ ನಿಂತಳು. ಮನೆಯಲ್ಲಿ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂ. "ಅಮ್ಮಾ, ಕೈ ವೇದನಿಕ್ಕಿಲ್ಲೇ?"

"ನೋಯೂದಿಲ್ಲ, ಹೋಗ. ಓದಕೋ ಹೋಗ."

ಇವರೂ ಬಂದು ನೋಡಿದರು. "ಬ್ಯಾಡ ಬಿಡು, ಯಾಕ ಸುಮ್ನ" ಎಂದರು. ಒಂದು ಸಲ ಅಂದರು, ಎರಡನೇ ಸಲ ಅನ್ನಲಿಲ್ಲ. ಸಂಜೆ ಗಂಟು ಬ್ಯಾಗಿಗೆ ಹಾಕಿಕೊಳ್ಳುವಾಗ ಅವರ ಮುಖ ಅರಳಿದ್ದನ್ನು ಕಂಡು ನನಗೆ ಆ ಎರಡು ಶುಕ್ರವಾರದ ಉರಿ ಆರಿತು. ನೋವು ಇತ್ತೇ? ಇತ್ತು. ರೊಟ್ಟಿಯಿಂದ ಎಂದು ಗೊತ್ತಿರಲಿಲ್ಲವೇ? ಅರ್ಧ ಗೊತ್ತಿತ್ತು. ಇನ್ನರ್ಧ ಗೊತ್ತಾಗದ ಹಾಗೆ ನಾನೇ ನೋಡಿಕೊಂಡೆ.

ಹೀಗೇ ಎಂಟು ವಾರ, ಎಂಟು ಭಾನುವಾರದ ರೊಟ್ಟಿ ಕಳೆಯಿತು. ಎಕ್ಸ್‌ರೇ ತೆಗೆದರು, ಗೆರೆ ಹಾಗೇ ಇತ್ತು. ಇನ್ನೊಂದು ತಿಂಗಳು ನೋಡಿ ಆಪರೇಷನ್ನಿಗೆ ದಿನ ಗೊತ್ತು ಮಾಡೋಣ ಎಂದರು ಡಾಕ್ಟರು. ಹೊರಗೆ ಬಂದು ಆಟೋದಲ್ಲಿ ಕೂತವಳಿಗೆ ಎಲ್ಲಿಗೆ ಎಂದು ಹೇಳಲು ಬಾಯಿ ಬರಲಿಲ್ಲ. ಆಟೋದವನು ಕನ್ನಡಿಯಲ್ಲಿ ನೋಡಿ, ಇಂಜಿನ್ ನಿಲ್ಲಿಸಿ, ನಾನು ಅತ್ತು ಮುಗಿಸುವವರೆಗೆ ಸುಮ್ಮನೆ ಕೂತಿದ್ದ.

ಇವರಿಗೆ ತಲೆ ಕೆಟ್ಟುಹೋಯಿತು. ಎಂಟು ಗಂಟೆ ಸರಿಯಾಗಿದೆ, ಸಿಗ್ನಲ್ ಸರಿಯಾಗಿದೆ, ಎಲುಬು ಯಾಕೆ ಕೂಡುತ್ತಿಲ್ಲ? ತಿರುವನಂತಪುರದಲ್ಲಿ ಕೈಯ ಎಲುಬನ್ನಷ್ಟೇ ನೋಡುವ ಹಿರಿಯ ಡಾಕ್ಟರಮ್ಮ ಒಬ್ಬರಿದ್ದಾರೆಂದು ಹುಡುಕಿ ಸೋಮವಾರ ಬೆಳಿಗ್ಗೆಗೆ ಹೆಸರು ಬರೆಸಿದರು. ಮಗಳನ್ನು ಲತಾ ಚೇಚಿಯ ಮನೆಯಲ್ಲಿ ಬಿಟ್ಟು ಭಾನುವಾರ ಸಂಜೆ ಇವರ ಜೊತೆಗೇ ರೈಲು ಹತ್ತಿದೆ. ರೊಟ್ಟಿಯ ಗಂಟೂ ಹತ್ತಿತು. ಆಸ್ಪತ್ರೆಯಿಂದ ಇವರು ಸೀದಾ ಆಫೀಸಿಗೆ ಹೋಗುವವರು, ಸೋಮವಾರದ ರೊಟ್ಟಿಗೆ ಅಲ್ಲಿ ಮೂವರು ಕಾದಿರುತ್ತಾರೆ.

ಅಲ್ಲೂ ಕಾಯುವ ಕೋಣೆಯೇ. ಹತ್ತು ಗಂಟೆಯ ಹೆಸರು, ಹನ್ನೊಂದೂವರೆಯಾದರೂ ಕರೆಯಲಿಲ್ಲ. ಇವರಿಗೆ ಹಸಿವು ತಡೆಯಲಾಗಲಿಲ್ಲ. ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು ಮುರಿದರು. ಕಟ್! ಇಡೀ ಸಾಲು ತಿರುಗಿ ನೋಡಿತು. ನನಗೆ ನಾಚಿಕೆಯಾಗಿ ನೆಲ ನೋಡಿದೆ. ನರ್ಸ್ ಒಬ್ಬಳು ಬಂದಳು, ಬೈಯಲಿಕ್ಕೆ ಎಂದುಕೊಂಡೆ.

"ಇದು ಪಪ್ಪಡಮಾಣೋ ಚೇಚಿ?"

ಹಪ್ಪಳವಂತೆ! "ಪಪ್ಪಡಂ ಅಲ್ಲ ಸಿಸ್ಟರ್, ರೊಟ್ಟಿ. ತಿಂದು ನೋಡಿ" ಎಂದು ಅರ್ಧ ರೊಟ್ಟಿ ಅವಳ ಕೈಗೆ ಹಾಕಿದೆ. ಅಷ್ಟರಲ್ಲಿ ನನ್ನ ಹೆಸರು ಕರೆದರು.

ಡಾಕ್ಟರಮ್ಮ ಬೆಳ್ಳಿ ಕೂದಲಿನವರು. ಎಕ್ಸ್‌ರೇಗಳನ್ನು ಸಾಲಾಗಿ ನೋಡಿದರು. ಇವರು ನೋಟ್‌ಬುಕ್ ಮುಂದಿಟ್ಟರು. ಡಾಕ್ಟರಮ್ಮನಿಗೆ ಅದೇ ಹಿಡಿಸಿತು. ಪುಟ ಪುಟ ಬೆರಳಿಟ್ಟು ಓದಿ, "ಪ್ರತಿ ಶನಿವಾರ ನೋವು ಎರಡು. ಪ್ರತಿ ಭಾನುವಾರ ಏಳು, ಎಂಟು. ಭಾನುವಾರ ಏನು ಮಾಡ್ತೀರಿ?" ಎಂದು ಕೇಳಿದರು.

ನಾನು ಬಹಳ ಹೊತ್ತು ಯೋಚಿಸಿದೆ. ಆಣೆ ಮಾಡಿ ಹೇಳುತ್ತೇನೆ, ಆ ಹೊತ್ತಿಗೆ ರೊಟ್ಟಿ ನೆನಪಿಗೇ ಬರಲಿಲ್ಲ, ಅಷ್ಟು ಚೆನ್ನಾಗಿ ಮರೆಸಿಕೊಂಡಿದ್ದೆ. "ಅವತ್ತು ಸಂಜೆ ಇವರು ಹೊರಡ್ತಾರೆ, ಡಾಕ್ಟರ್" ಎಂದೆ.

ಅವರು ಕನ್ನಡಕ ತೆಗೆದರು. "ಪಾವಂ" ಎಂದರು, ಅಯ್ಯೋ ಪಾಪ ಎನ್ನುವ ಹಾಗೆ. ಮನಸ್ಸಿನ ನೋವು ಮೈಯಲ್ಲೂ ಕಾಣಿಸಿಕೊಳ್ಳುವುದುಂಟು ಎಂದರು. ನನ್ನ ಕಣ್ಣು ತುಂಬಿತು. ಇವರು ನನ್ನ ಭುಜದ ಮೇಲೆ ಕೈ ಇಟ್ಟರು. ಮೂವರೂ ಸ್ವಲ್ಪ ಹೊತ್ತು ದುಃಖಪಟ್ಟೆವು.

ಆಗ ಆ ನರ್ಸ್ ಫೈಲು ಹಿಡಿದು ಒಳಗೆ ಬಂದಳು, ಇನ್ನೊಂದು ಕೈಯಲ್ಲಿ ರೊಟ್ಟಿಯ ಚೂರು. "ಡಾಕ್ಟರ್, ಇದು ನೋಡಿ, ಈ ಚೇಚಿ ಮಾಡಿದ್ದು. ಎಷ್ಟು ತೆಳ್ಳಗಿದೆ! ಮಷೀನಿನಲ್ಲಿ ಮಾಡಿದ ಹಾಗಿದೆ."

ಮಷೀನು! ನನಗೆ ಎಲ್ಲಿತ್ತೋ ಸಿಟ್ಟು. "ಯಾವ ಮಷೀನೂ ಇಲ್ಲ, ಲಟ್ಟಣಿಗೆಯೂ ಇಲ್ಲ. ಕೈಯಲ್ಲಿ ಬಡಿಯೋದು" ಎಂದೆ.

"ಕೈಯಲ್ಲಿ ಇಷ್ಟು ತೆಳ್ಳಗೆ ಹೇಗೆ ಬರುತ್ತೆ?" ಎಂದರು ಡಾಕ್ಟರಮ್ಮ.

ಕೇಳಬಾರದಿತ್ತು. ಬೆಲ್ಟು ಬಿಚ್ಚಿದೆ. ಅವರ ಮೇಜಿನ ಮೇಲೆ, ನನ್ನದೇ ಎಕ್ಸ್‌ರೇಯ ಪಕ್ಕದಲ್ಲಿ, ಬಲಗೈಯ ಅಂಗೈ ಬಿಡಿಸಿ ತೋರಿಸಿದೆ. ಹೀಗೆ ತಿರುಗಿಸುತ್ತಾ ಹೋಗಬೇಕು ಡಾಕ್ಟರ್, ಅಂಚು ಒಡೆಯಬಾರದು. ತಪ ತಪ ತಪ ತಪ. ಪೆನ್ನಿನ ಸ್ಟ್ಯಾಂಡು ಕುಣಿಯಿತು.

ಮೂವರ ಕಣ್ಣೂ ನನ್ನ ಮಣಿಕಟ್ಟಿನ ಮೇಲಿತ್ತು. ನನ್ನ ಕೈ ಗಾಳಿಯಲ್ಲೇ ನಿಂತಿತು.

"ಇದನ್ನ ಯಾವಾಗ ಮಾಡ್ತೀರಿ?" ಡಾಕ್ಟರಮ್ಮನ ದನಿ ಸಣ್ಣದಾಗಿತ್ತು.

"ಭಾನುವಾರ" ಎಂದೆ.

"ಎಷ್ಟು?"

"ಮೂವತ್ತು."

ಇವರು ಏನೋ ಗುಣಾಕಾರ ಮಾಡಲು ಹೊರಟವರು ಅರ್ಧಕ್ಕೆ ಬಿಟ್ಟರು. ಬ್ಯಾಗಿನ ಮೇಲಿದ್ದ ಕೈ ತೆಗೆದರು, ಸುಟ್ಟುಕೊಂಡವರ ಹಾಗೆ.

ಡಾಕ್ಟರಮ್ಮ ಬೈಯಲಿಲ್ಲ. ಆರು ದಿನ ಕೂಡಲು ಹೊರಟ ಎಲುಬನ್ನು ಏಳನೇ ದಿನ ನೀವೇ ಒಡೆಯುತ್ತಿದ್ದೀರಿ ಎಂದರು. ಕೊಚ್ಚಿಯ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಆಪರೇಷನ್ ಮುಂದೂಡಿ, ಮತ್ತೆ ಮೂರು ತಿಂಗಳು ಪಟ್ಟಿ. ಆದರೆ ಬೆಲ್ಟಲ್ಲ, ಪ್ಲಾಸ್ಟರ್, ಪಟ್ಟಿ ಅದರ ಮೇಲೆ. "ನಿಮ್ಮನ್ನ ನಾನು ನಂಬಲ್ಲ" ಎಂದು ನಕ್ಕರು. ಈ ಸಲವೂ ಕೂಡದಿದ್ದರೆ ಆಪರೇಷನ್ ಬಿಟ್ಟು ಬೇರೆ ಮಾತೇ ಇಲ್ಲ ಎಂದಾಗ ನಗಲಿಲ್ಲ.

ಇವರು ಆಫೀಸಿಗೆ ಹೋಗದೆ ನನ್ನ ಜೊತೆ ಸ್ಟೇಷನ್ನಿಗೆ ಬಂದರು. ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಕೂತೆವು, ನಡುವೆ ಆ ಗಂಟು.

"ಇಷ್ಟು ವಾರ ನಾ ತಿಂದದ್ದು ರೊಟ್ಟಿ ಅಲ್ಲ, ನಿನ್ನ ಎಲುಬು" ಎಂದರು.

"ಹಂಗ ಅನಬ್ಯಾಡ್ರಿ."

"ಯಾಕ ಬಡದಿ? ನಾ ಬ್ಯಾಡ ಅಂದಿದ್ನಿ."

"ಒಮ್ಮೆ ಅಂದ್ರಿ." ಆಮೇಲೆ ತಡೆಯಲಾಗಲಿಲ್ಲ. "ರೊಟ್ಟಿ ಇಲ್ಲಂದ್ರ ನೀವು ಬರೂದಿಲ್ಲ ಅಂತ ಬಡದ್ನಿ. ಪ್ಲಾಸ್ಟರ್ ಇದ್ದಾಗ ಎರಡು ವಾರ ಬಂದ್ರೇನು ನೀವು?"

ಅವರು ನನ್ನನ್ನೇ ನೋಡಿದರು. "ಹುಚ್ಚಿ ಅದಿ ನೀ. ಟೆಸ್ಟ್ ಇತ್ತು ಅಂತ ಹೇಳಿದ್ನೆಲ್ಲ!"

"ಹೇಳಿದ್ರಿ. ನನಗ ನಂಬಿಕಿ ಬರಲಿಲ್ಲ."

ರೈಲು ಬಂತು. ಇವರು ಗಂಟನ್ನು ನನ್ನ ಮಡಿಲಿಗೂ ಕೊಡಲಿಲ್ಲ, ತಾವೂ ಬಿಚ್ಚಲಿಲ್ಲ. ಎದೆಗೆ ಒತ್ತಿಕೊಂಡು ಪ್ಲಾಟ್‌ಫಾರಂ ಮೇಲೆ ನಿಂತಿದ್ದರು.

ಆ ವಾರದಷ್ಟು ಉದ್ದದ ವಾರ ನಾನು ಕಂಡಿಲ್ಲ. ಎಂಟು ಗಂಟೆ ಪಟ್ಟಿ ಕಟ್ಟಿಕೊಂಡು, ಕಟ್ಟಿಕೊಳ್ಳದ ಹೊತ್ತಿನಲ್ಲೂ ಅದನ್ನೇ ನೋಡುತ್ತಾ, ಎಲುಬಿನ ಚಿಂತೆಯೋ ಶುಕ್ರವಾರದ ಚಿಂತೆಯೋ ಎಂದು ನನಗೇ ತಿಳಿಯದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಿದೆ. ಮೇಘಾ ಬೇಸತ್ತು ಹೆಡ್‌ಫೋನ್ ಹಾಕಿಕೊಂಡಳು. ಶುಕ್ರವಾರ ಸಂಜೆ ಬಾಗಿಲ ಕರೆಗಂಟೆ ಬಾರಿಸಿತು.

ಇವರು. ಕೈಯಲ್ಲಿ ಅದೇ ಬಿಳಿ ಬಟ್ಟೆ. ಪ್ರತಿ ವಾರದಂತೆ ಮಡಚಿರಲಿಲ್ಲ, ಗಂಟು ಕಟ್ಟಿತ್ತು. ಬಿಚ್ಚಿದರೆ ಒಳಗೆ ಎರಡು ರೊಟ್ಟಿ. ರೊಟ್ಟಿ ಎನ್ನಬೇಕೋ ಬೆರಣಿ ಎನ್ನಬೇಕೋ. ಒಂದು ಪಕ್ಕ ದಪ್ಪ, ಒಂದು ಪಕ್ಕ ಕರಿ, ಅಂಚಿನ ತುಂಬಾ ಬಿರುಕು.

"ನಾನ ಬಡದ್ನಿ" ಎಂದರು, ಚಪ್ಪಲಿ ಬಿಡುತ್ತಾ. "ಕೈ ಎಷ್ಟು ನೋಯತೈತಲೇ ಮಾರಾಯ್ತಿ!"

ಮುರಿದು ಬಾಯಿಗಿಟ್ಟೆ. ಉಪ್ಪು ಜಾಸ್ತಿ. "ಹಿಟ್ಟಿಗೆ ಬಿಸಿನೀರು ಹಾಕಿಲ್ಲ ನೀವು" ಎಂದು ಬೈದೆ. ಬೈಯುತ್ತಲೇ ಎರಡನ್ನೂ ತಿಂದೆ, ಅಳುತ್ತಲೂ ಇದ್ದೆ. ಮೇಘಾ ಒಂದು ಚೂರು ಬಾಯಿಗೆ ಹಾಕಿಕೊಂಡು "ಅಯ್ಯೇ" ಎಂದಳು.

ಮೂರು ತಿಂಗಳು ಒಂದು ವಾರವೂ ತಪ್ಪಲಿಲ್ಲ. ಟೆಸ್ಟ್ ಇದ್ದ ವಾರ ಶನಿವಾರ ಬಂದು ಅವತ್ತೇ ಹೋದರು. ಪ್ರತಿ ಸಲ ಎರಡು ರೊಟ್ಟಿ. ಕಪ್ಪು ಕಡಿಮೆಯಾಯಿತು, ಅಂಚು ಕೂಡಿಕೊಳ್ಳುತ್ತಾ ಬಂತು. ಒಳಗೆ ನನ್ನ ಎಲುಬು ಏನು ಮಾಡುತ್ತಿದೆ ಎಂದು ಕಾಣುತ್ತಿರಲಿಲ್ಲವಲ್ಲ, ನಾನು ರೊಟ್ಟಿಯ ಅಂಚು ನೋಡಿ ಧೈರ್ಯ ತಂದುಕೊಳ್ಳುತ್ತಿದ್ದೆ.

ಏಪ್ರಿಲ್‌ನಲ್ಲಿ ಪ್ಲಾಸ್ಟರ್ ಬಿಚ್ಚಿ ಸ್ಕ್ಯಾನ್ ಮಾಡಿದರು. ಕೊಚ್ಚಿಯ ಡಾಕ್ಟರು, ಆ ಕಡಿಮೆ ಮಾತಿನವರು, ಪರದೆಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಗೆರೆ ಇದ್ದಲ್ಲಿ ಮಸುಕು ಬಿಳಿ. ಕೂಡಿದೆ. ಪಟ್ಟಿ ಕೂಡಿಸಿತೋ, ಭಾನುವಾರ ಸುಮ್ಮನಿದ್ದದ್ದು ಕೂಡಿಸಿತೋ ಎಂದು ಕೇಳಿದೆ. ಎರಡೂ ಇರಬಹುದು ಎಂದರು. ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಲು ಇನ್ನೂ ಕೆಲವು ತಿಂಗಳು ವ್ಯಾಯಾಮ ಬೇಕೆಂದರು.

ನಿಮ್ಮಲ್ಲಿ ಯಾರಾದರೂ ಇಂಥ ಪಟ್ಟಿ ಕಟ್ಟಿಕೊಂಡು, ಏನೂ ಗೊತ್ತಾಗುತ್ತಿಲ್ಲವಲ್ಲ ಎಂದು ಚಡಪಡಿಸುತ್ತಾ ಕೂತಿದ್ದರೆ, ಡಾಕ್ಟರು ಕೇಳದಿದ್ದರೂ ನೀವು ದಿನಾ ಮಾಡುವ ಕೆಲಸವನ್ನೆಲ್ಲ ಅವರಿಗೆ ಹೇಳಿಬಿಡಿ. ಅದು ಕೆಲಸ ಎಂದು ನಿಮಗೆ ಅನ್ನಿಸದಿದ್ದರೂ ಹೇಳಿ.

ಕಳೆದ ತಿಂಗಳು ಒಬ್ಬಳೇ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಕೈಯನ್ನು ಹಿಂದೆ ಮುಂದೆ ಬಾಗಿಸಿ ನೋಡಿ, "ಇನ್ನು ನಿಮ್ಮ ರೊಟ್ಟಿ ಶುರು ಮಾಡಬಹುದು" ಎಂದರು. ಮನೆಗೆ ಬಂದು ಒಂದೇ ಒಂದು ಬಡಿದು ನೋಡಿದೆ. ತೆಳ್ಳಗೆ, ದುಂಡಗೆ, ಮೊದಲಿನ ಹಾಗೆಯೇ ಬಂತು. ಬಿಸಿ ಬಿಸಿಯಾಗಿ ನಾನೇ ತಿಂದು, ಹಂಚು ತೊಳೆದಿಟ್ಟೆ.

ಇವರಿಗೆ ಇನ್ನೂ ಹೇಳಿಲ್ಲ. ನಾಳೆ ಶುಕ್ರವಾರ, ಅವರ ಎರಡು ರೊಟ್ಟಿ ಬರುವ ದಿನ.